ರಾ ಫೋಟೊ ಸಂಸ್ಕರಣೆಗೆ ಯಾವ ಸಾಫ್ಟ್‌ವೇರ್? ನಿಮ್ಮದೇ ನಾಲ್ಕು ಫೋಟೊ ಇಟ್ಟು ಆರಿಸಿ

ಮದುವೆ ಸೀಸನ್ ಮುಗಿದು ಕೈ ಸ್ವಲ್ಪ ಬಿಡುವಾಯಿತು ಎನ್ನುವಷ್ಟರಲ್ಲಿ ದಾವಣಗೆರೆ, ಹರಿಹರ, ಹೊಳಲ್ಕೆರೆ, ಚಿತ್ರದುರ್ಗದ ಕಡೆಯ ಗೆಳೆಯರಿಂದ ಒಂದೇ ಪ್ರಶ್ನೆ ಬರತೊಡಗುತ್ತದೆ: "ಅಣ್ಣಾ, ರಾದಲ್ಲಿ ಹೊಡೆಯೋಕೆ ಶುರು ಮಾಡಿದೀನಿ, ಯಾವ ಸಾಫ್ಟ್‌ವೇರ್ ಹಾಕಿಸ್ಲಿ?" ಸ್ಟುಡಿಯೊದವರು ಕೇಳುತ್ತಾರೆ, ಭಾನುವಾರ ಕುಂದವಾಡ ಕೆರೆಗೆ ಹಕ್ಕಿ ನೋಡಲು ಹೋಗುವ ಮೇಷ್ಟ್ರುಗಳೂ ಕೇಳುತ್ತಾರೆ. ಒಂದು ಹೆಸರು ಹೇಳಿ ಕಳಿಸಿಬಿಡಬಹುದು. ಆದರೆ ನನ್ನ ಕ್ಯಾಮೆರಾ ಬೇರೆ, ನಿಮ್ಮದು ಬೇರೆ. ನನ್ನ ಸಿಸ್ಟಮ್‌ನಲ್ಲಿ ಓಡುವುದು ನಿಮ್ಮಲ್ಲಿ ತೆವಳಬಹುದು. ಅದಕ್ಕೇ ಹೆಸರಿಗಿಂತ ಹೆಚ್ಚಾಗಿ ಆರಿಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಮೊದಲು ರಾ ಎಂದರೇನು ಎಂಬುದು ಸ್ಪಷ್ಟವಿರಲಿ. ಸೆನ್ಸರ್ ಅಳೆದ ಬೆಳಕನ್ನು ಸಂಸ್ಕರಿಸದೆ ಹಾಗೆಯೇ ಬರೆದಿಟ್ಟ ಫೈಲ್ ರಾ. ಕ್ಯಾಮೆರಾವೇ ಸಂಸ್ಕರಿಸಿ, ಒತ್ತಿ ಕೊಡುವ ಸಾದಾ ಫೋಟೊ ಫೈಲ್ ಜೆಪೆಗ್. ಕ್ಯಾಮೆರಾದ ಸೆನ್ಸರ್‌ಗೆ ತನ್ನಷ್ಟಕ್ಕೆ ಬಣ್ಣ ತಿಳಿಯುವುದಿಲ್ಲ, ಬೆಳಕಿನ ಪ್ರಮಾಣ ಮಾತ್ರ ತಿಳಿಯುತ್ತದೆ. ಅದಕ್ಕಾಗಿ ಪ್ರತಿ ಪಿಕ್ಸೆಲ್‌ನ ಮೇಲೆ ಕೆಂಪು, ಹಸಿರು, ನೀಲಿ ಇವುಗಳಲ್ಲಿ ಒಂದು ಬಣ್ಣದ ಫಿಲ್ಟರ್ ಕೂರಿಸಿರುತ್ತಾರೆ. ಅರ್ಧದಷ್ಟು ಹಸಿರು, ಕಾಲು ಭಾಗ ಕೆಂಪು, ಕಾಲು ಭಾಗ ನೀಲಿ. ಕೊಡಾಕ್‌ನ ಬ್ರೈಸ್ ಬೇಯರ್ ಎಂಬ ವಿಜ್ಞಾನಿಗೆ 1976ರಲ್ಲಿ ಪೇಟೆಂಟ್ ಸಿಕ್ಕ ಜೋಡಣೆ ಇದು, ಇವತ್ತಿಗೂ ಬಹುಪಾಲು ಕ್ಯಾಮೆರಾಗಳಲ್ಲಿ ಇದೇ ಇದೆ. ಅಂದರೆ ಒಂದೊಂದು ಪಿಕ್ಸೆಲ್‌ಗೂ ಒಂದೇ ಬಣ್ಣದ ಅಳತೆ ಗೊತ್ತು. ಉಳಿದೆರಡನ್ನು ಅಕ್ಕಪಕ್ಕದ ಪಿಕ್ಸೆಲ್ ನೋಡಿ ಸಾಫ್ಟ್‌ವೇರ್ ಲೆಕ್ಕ ಹಾಕಿ ತುಂಬಬೇಕು. ಈ ಕೆಲಸಕ್ಕೆ ಡಿಮೊಸಾಯಿಕಿಂಗ್ ಎನ್ನುತ್ತಾರೆ. ಇದನ್ನು ಒಬ್ಬೊಬ್ಬರು ಒಂದೊಂದು ರೀತಿ ಮಾಡುತ್ತಾರೆ. ಅದರ ಮೇಲೆ ಬಣ್ಣ, ಕಾಂಟ್ರಾಸ್ಟ್ ಕೂರಿಸುವ ರೀತಿಯೂ ಬೇರೆ. ಒಂದೇ ಹಿಟ್ಟು ಕೊಟ್ಟರೂ ಎರಡು ಹೋಟೆಲಿನ ಬೆಣ್ಣೆ ದೋಸೆ ಒಂದೇ ಥರ ಬರುವುದಿಲ್ಲವಲ್ಲ, ಹಾಗೆ ಒಂದೇ ರಾ ಫೈಲ್ ಎರಡು ಸಾಫ್ಟ್‌ವೇರ್‌ನಲ್ಲಿ ಎರಡು ಥರ ಕಾಣುತ್ತದೆ. ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಹಂತಗಳಷ್ಟೇ ಇರುತ್ತವೆ, 14 ಬಿಟ್ ರಾ ಫೈಲಿನಲ್ಲಿ 16,384. ಕತ್ತಲೆಯ ಭಾಗ ಎತ್ತಿದಾಗ, ಅಂದರೆ ಅಲ್ಲಿ ಬೆಳಕು ಹೆಚ್ಚಿಸಿದಾಗ, ಜೆಪೆಗ್ ಒಡೆದು ರಾ ನಿಲ್ಲುವುದು ಈ ಕಾರಣಕ್ಕೆ.

1. ನಿಮ್ಮ ಹತ್ತಿರ ಏನಿದೆ ಎಂದು ಬರೆದಿಡಿ

ಒಂದು ಹಾಳೆಯಲ್ಲಿ ಕ್ಯಾಮೆರಾದ ಪೂರ್ತಿ ಮಾಡೆಲ್ ಹೆಸರು, ರಾ ಫೈಲಿನ ಹೆಸರಿನ ಕೊನೆಯ ಅಕ್ಷರಗಳು, ಸಿಸ್ಟಮ್‌ನ ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್, ಹಾರ್ಡ್‌ಡಿಸ್ಕ್ ಯಾವ ಬಗೆಯದು, ವಿಂಡೋಸ್ ಯಾವುದು, ಇಷ್ಟನ್ನೂ ಬರೆಯಿರಿ. ಕ್ಯಾನನ್‌ನಲ್ಲಿ ಹಳೆಯ ಮಾಡೆಲ್‌ಗಳದು ಸಿಆರ್2, 2018ರ ಈಚೆಗೆ ಬಂದ ಬಹಳಷ್ಟು ಮಾಡೆಲ್‌ಗಳದು ಸಿಆರ್3. ನಿಕಾನ್‌ಗೆ ಎನ್‌ಇಎಫ್, ಸೋನಿಗೆ ಎಆರ್‌ಡಬ್ಲ್ಯು, ಫ್ಯೂಜಿಗೆ ಆರ್‌ಎಎಫ್. ಮೊಬೈಲಿನ ರಾ ಹೆಚ್ಚಾಗಿ ಡಿಎನ್‌ಜಿ. ಇದು ಅಡೋಬಿ 2004ರಲ್ಲಿ ತಂದ, ಎಲ್ಲ ಕಂಪನಿಗಳೂ ಬಳಸಬಹುದಾದ ರೂಪ.

ಸಿಸ್ಟಮ್ ವಿಷಯದಲ್ಲಿ ಖಡಾಖಂಡಿತವಾಗಿ ಹೇಳುತ್ತೇನೆ: 8 ಜಿಬಿ ರ‍್ಯಾಮ್‌ಗಿಂತ ಕಡಿಮೆ ಇದ್ದರೆ ಸಾಫ್ಟ್‌ವೇರ್‌ಗೆ ದುಡ್ಡು ಹಾಕಬೇಡಿ, ಮೊದಲು ರ‍್ಯಾಮ್‌ಗೆ ಹಾಕಿ. 16 ಜಿಬಿ ಇದ್ದರೆ ನೆಮ್ಮದಿ. ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ ಎಸ್‌ಎಸ್‌ಡಿ ಹಾಕಿಸಿ, ಅದರಿಂದ ಸಿಗುವ ವೇಗ ಯಾವ ಸಾಫ್ಟ್‌ವೇರ್ ಬದಲಾಯಿಸಿದರೂ ಸಿಗುವುದಿಲ್ಲ. ವಿಂಡೋಸ್ 7ರಲ್ಲೇ ಉಳಿದವರಿಗೆ ಈಗಿನ ಹೆಚ್ಚಿನ ಆವೃತ್ತಿಗಳು ಇನ್‌ಸ್ಟಾಲ್ ಆಗುವುದೇ ಇಲ್ಲ.

2. ನಿಮ್ಮ ಕ್ಯಾಮೆರಾದ ಫೈಲ್ ತೆರೆಯುತ್ತದೆಯೇ ನೋಡಿ

ಹೊಸ ಕ್ಯಾಮೆರಾ ಕೊಂಡವರು ಮೊದಲು ಎಡವುವುದು ಇಲ್ಲೇ. ರಾ ಫೈಲಿಗೆ ಜೆಪೆಗ್‌ನಂತೆ ಒಂದೇ ರೂಪವಿಲ್ಲ, ಮಾಡೆಲ್‌ನಿಂದ ಮಾಡೆಲ್‌ಗೆ ಒಳಗಿನ ರಚನೆ ಬದಲಾಗುತ್ತದೆ. ಕ್ಯಾಮೆರಾ ಬಂದದ್ದಕ್ಕಿಂತ ಹಳೆಯ ಸಾಫ್ಟ್‌ವೇರ್ ಅದನ್ನು ಗುರುತಿಸುವುದಿಲ್ಲ. ಪ್ರತಿ ಸಾಫ್ಟ್‌ವೇರ್‌ನವರೂ ತಾವು ಬೆಂಬಲಿಸುವ ಕ್ಯಾಮೆರಾಗಳ ಪಟ್ಟಿ ಕೊಟ್ಟಿರುತ್ತಾರೆ. ಅದರಲ್ಲಿ ನಿಮ್ಮ ಮಾಡೆಲ್ ಅಕ್ಷರಶಃ ಇದೆಯೇ ನೋಡಿ. ಪಟ್ಟಿಯಲ್ಲಿ ಕ್ಯಾನನ್ 200ಡಿ ಇದ್ದರೆ 200ಡಿ ಮಾರ್ಕ್ 2 ಇದೆ ಎಂದು ಅರ್ಥವಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಮಾಡೆಲ್ ಪಟ್ಟಿಯಲ್ಲಿದ್ದರೂ ರಾದ ಬಗೆ ಬೇರೆಯಾದರೆ ತೆರೆಯದೆ ಹೋಗಬಹುದು. ನಿಕಾನ್ ಝಡ್ 9, ಝಡ್ 8 ಕ್ಯಾಮೆರಾಗಳಲ್ಲಿ ಜಾಗ ಉಳಿಸುವ ಹೈ ಎಫಿಶಿಯೆನ್ಸಿ ಎಂಬ ರಾ ಬಗೆ ಇದೆ. ಉಚಿತ ಸಾಫ್ಟ್‌ವೇರ್ ನೆಚ್ಚಿಕೊಳ್ಳುವವರು ಅದನ್ನು ಬಿಟ್ಟು ಲಾಸ್‌ಲೆಸ್ ಕಂಪ್ರೆಸ್ಡ್, ಅಂದರೆ ಮಾಹಿತಿ ಕಳೆಯದೆ ಒತ್ತಿದ ಬಗೆಯನ್ನು ಇಟ್ಟುಕೊಳ್ಳುವುದೇ ಕ್ಷೇಮ.

ಹಳೆಯ ಸಾಫ್ಟ್‌ವೇರ್ ಬಿಡಲಾಗದು ಎನ್ನುವವರಿಗೆ ಅಡೋಬಿ ಡಿಎನ್‌ಜಿ ಕನ್ವರ್ಟರ್ ಎಂಬ ಉಚಿತ ಸಾಧನ ಇದೆ. ಹೊಸ ಫೈಲನ್ನು ಡಿಎನ್‌ಜಿ ಮಾಡಿ ಕೊಡುತ್ತದೆ. ಆದರೆ ಪರಿವರ್ತನೆ ಆಯಿತೆಂದು ಮೂಲ ಫೈಲ್ ಅಳಿಸಬೇಡಿ. ಕ್ಯಾಮೆರಾ ಕಂಪನಿಯವರದೇ ಸಾಫ್ಟ್‌ವೇರ್‌ಗೆ ಮುಂದೊಂದು ದಿನ ಹೋಗಬೇಕೆನಿಸಿದರೆ ಅದಕ್ಕೆ ಮೂಲವೇ ಬೇಕು.

3. ಪರೀಕ್ಷೆಗೆ ನಾಲ್ಕು ಫೋಟೊ ಆರಿಸಿ

ಈ ಲೇಖನದಲ್ಲಿ ಒಂದೇ ಒಂದು ಹಂತ ಪಾಲಿಸುತ್ತೀರಾದರೆ ಇದನ್ನು ಪಾಲಿಸಿ. ಯೂಟ್ಯೂಬ್‌ನಲ್ಲಿ ತೋರಿಸುವ ಹಿಮದ ಬೆಟ್ಟ, ವಿದೇಶಿ ಮಾಡೆಲ್‌ನ ಮುಖ ನಿಮ್ಮ ಕೆಲಸಕ್ಕೆ ಅಳತೆಗೋಲಲ್ಲ. ನೀವು ದಿನಾ ಪೇಚಾಡುವ ಬೆಳಕೇ ನಿಮ್ಮ ಪರೀಕ್ಷೆ. ಚೆನ್ನಾಗಿ ಬಂದ ಫೋಟೊ ಬೇಡ, ಕಷ್ಟದ ಫೋಟೊ ಹುಡುಕಿ.

ಮೊದಲನೆಯದು, ಕತ್ತಲೆಯಿಂದ ಬೆಳಕಿಗೆ ನೋಡುವ ಫೋಟೊ. ಚಿತ್ರದುರ್ಗದ ಕೋಟೆ ಇದಕ್ಕೆ ಹೇಳಿ ಮಾಡಿಸಿದ ಜಾಗ. ಬೆಳಿಗ್ಗೆ ಹತ್ತರ ಹೊತ್ತಿಗೆ ಯಾವುದಾದರೂ ಬಾಗಿಲಿನ ಒಳಗೆ ನಿಂತು, ಹೊರಗಿನ ಆಕಾಶ ಚೌಕಟ್ಟಿನಲ್ಲಿ ಬರುವಂತೆ ಹೊಡೆಯಿರಿ. ಒನಕೆ ಓಬವ್ವನ ಕಿಂಡಿಯ ಬಂಡೆಯ ಸಂದೂ ಆಗುತ್ತದೆ. ಆಕಾಶ ಪೂರ್ತಿ ಬೆಳ್ಳಗಾಗದಂತೆ ಎಕ್ಸ್‌ಪೋಷರ್, ಅಂದರೆ ಸೆನ್ಸರ್‌ಗೆ ಬೀಳುವ ಬೆಳಕು, ಇಳಿಸಿ ಹೊಡೆದರೆ ಒಳಗಿನ ಕಲ್ಲು ಕಪ್ಪಾಗಿರುತ್ತದೆ. ಸಾಫ್ಟ್‌ವೇರ್‌ನಲ್ಲಿ ಆ ಕಪ್ಪನ್ನು ಎತ್ತಿ ನೋಡಿ. ಬಂಡೆಯ ಬೂದು ಬಣ್ಣ ಬೂದಾಗಿಯೇ ಬಂತೆ, ಹಸಿರಿಗೋ ನೇರಳೆಗೋ ತಿರುಗಿತೆ? ಕಲ್ಲಿನ ಅಂಚು ಆಕಾಶಕ್ಕೆ ತಾಗುವ ಕಡೆ ಬಿಳಿ ಗೆರೆ ಎಳೆದಂತೆ ಕಾಣುತ್ತಿದೆಯೇ? ಈ ಬಿಳಿ ಗೆರೆಯನ್ನು ಹೇಲೊ ಎನ್ನುತ್ತಾರೆ. ಮೊಬೈಲಿನಲ್ಲಿ ಗೊತ್ತಾಗದಿದ್ದರೂ 12×18 ಪ್ರಿಂಟ್‌ನಲ್ಲಿ ಎದ್ದು ಕಾಣುತ್ತದೆ.

ಎರಡನೆಯದು, ಅರಿಶಿನ ಶಾಸ್ತ್ರದ ಮುಖ. ಮುಖ, ಕೈ, ಬಟ್ಟೆ ಎಲ್ಲ ಹಳದಿ ಇದ್ದಾಗ ಕ್ಯಾಮೆರಾದ ಆಟೊ ವೈಟ್ ಬ್ಯಾಲೆನ್ಸ್ ಬೆಳಕೇ ಹಳದಿ ಇದೆ ಎಂದುಕೊಂಡು ನೀಲಿ ಸುರಿಯುತ್ತದೆ. ವೈಟ್ ಬ್ಯಾಲೆನ್ಸ್ ಎಂದರೆ ಬಿಳಿ ಬಿಳಿಯಾಗಿಯೇ ಕಾಣುವಂತೆ ಬೆಳಕಿನ ಬಣ್ಣವನ್ನು ಸರಿದೂಗಿಸುವುದು. ಹೀಗೆ ನೀಲಿ ಹೆಚ್ಚಾದಾಗ ಮದುಮಗಳ ಮುಖ ಕಳೆಗುಂದಿ, ಅರಿಶಿನ ಬಿಳಚಿಕೊಂಡಂತೆ ಆಗುತ್ತದೆ. ಸಾಫ್ಟ್‌ವೇರ್‌ನ ಡ್ರಾಪರ್, ಅಂದರೆ ಬಿಳಿ ಯಾವುದೆಂದು ಒತ್ತಿ ತೋರಿಸುವ ಸಾಧನ ಹಿಡಿದು ಪಕ್ಕದವರ ಬಿಳಿ ಪಂಚೆಯ ಮೇಲೆ, ನೆರಳೂ ಅಲ್ಲದ ಹೊಳಪೂ ಅಲ್ಲದ ಕಡೆ ಒತ್ತಿ. ಈಗ ಮುಖ ನೋಡಿ. ಅರಿಶಿನ ಅರಿಶಿನವಾಗಿಯೇ ಇದ್ದು, ಕಣ್ಣಿನ ಬಿಳಿ ಮತ್ತು ಹಲ್ಲು ಹಳದಿಯಾಗದೆ ನಿಂತರೆ ಆ ಸಾಫ್ಟ್‌ವೇರ್‌ನ ಬಣ್ಣದ ಪ್ರೊಫೈಲ್ ನಿಮ್ಮ ಕ್ಯಾಮೆರಾಕ್ಕೆ ಹೊಂದುತ್ತದೆ. ಪ್ರೊಫೈಲ್ ಎಂದರೆ ನಿಮ್ಮ ಸೆನ್ಸರ್ ಕೊಟ್ಟ ಅಂಕಿಯನ್ನು ನಿಜವಾದ ಬಣ್ಣಕ್ಕೆ ಹೊಂದಿಸುವ ಕೋಷ್ಟಕ. ನಮ್ಮ ಮೈಬಣ್ಣಗಳಲ್ಲಿ ತಪ್ಪು ಬೇಗ ಕಾಣುತ್ತದೆ. ಕಪ್ಪು ಮೈಬಣ್ಣವನ್ನು ಬೂದಿಯಂತೆ ತೋರಿಸುವ ಪ್ರೊಫೈಲ್ ಎಷ್ಟೇ ಹೆಸರುವಾಸಿಯಾದರೂ ನಮಗೆ ಬೇಡ. ಎದುರಿಗೆ ಕೂತವರ ಬಣ್ಣವನ್ನು ಇದ್ದ ಹಾಗೆ ಗೌರವದಿಂದ ತೋರಿಸುವುದು ನಮ್ಮ ಕೆಲಸ.

ಮೂರನೆಯದು, ರಿಸೆಪ್ಷನ್ ವೇದಿಕೆಯ ಎಲ್‌ಇಡಿ ಬೆಳಕಿನಲ್ಲಿ ರೇಷ್ಮೆ ಸೀರೆ. ಮೊಳಕಾಲ್ಮೂರು ಸೀರೆ ಸಿಕ್ಕರೆ ಒಳ್ಳೆಯದು, ಅಂಚಿನ ಜರಿ, ಒಡಲಿನ ಗಟ್ಟಿ ಕೆಂಪು ಎರಡೂ ಸಿಗುತ್ತವೆ. ಕಲ್ಯಾಣ ಮಂಟಪದವರು ಹಾಕುವ ನೇರಳೆ, ನೀಲಿ ಲೈಟುಗಳು ಒಂದೇ ಬಣ್ಣವನ್ನು ಮಿತಿ ಮೀರಿ ತುಂಬುತ್ತವೆ. ಪರದೆಯನ್ನು ನೂರಕ್ಕೆ ನೂರು ಗಾತ್ರಕ್ಕೆ ತಂದು ಸೀರೆಯ ಒಡಲನ್ನು ನೋಡಿ. ನೇಯ್ಗೆಯ ಎಳೆ ಕಾಣುತ್ತಿದೆಯೇ, ಅಥವಾ ಬಣ್ಣ ಬಳಿದ ಗೋಡೆಯಂತೆ ಒಂದೇ ಹಾಳೆಯಾಗಿದೆಯೇ? ಜರಿಯ ಹೊಳಪಿನಲ್ಲಿ ಚಿನ್ನದ ಬಣ್ಣ ಉಳಿದಿದೆಯೇ, ಬರೀ ಬಿಳಿ ಚುಕ್ಕೆಯೇ? ಸಾಫ್ಟ್‌ವೇರ್‌ಗಳ ನಡುವಿನ ವ್ಯತ್ಯಾಸ ಅತಿ ಹೆಚ್ಚು ಕಾಣುವುದು ಈ ಫೋಟೊದಲ್ಲಿ.

ಇಲ್ಲಿ ಒಂದು ಎಚ್ಚರಿಕೆ. ಎಲ್‌ಇಡಿಯಿಂದ ಅಡ್ಡಡ್ಡ ಪಟ್ಟೆ ಬಂದಿದ್ದರೆ ಅದನ್ನು ಸಾಫ್ಟ್‌ವೇರ್ ಪರೀಕ್ಷೆಗೆ ಇಡಬೇಡಿ. ನಮ್ಮ ಕರೆಂಟ್ 50 ಹರ್ಟ್ಝ್‌ನದು, ಅದರಲ್ಲಿ ಉರಿಯುವ ಸಾದಾ ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಷಟರ್ ವೇಗವನ್ನು 1/100 ಅಥವಾ 1/50 ಸೆಕೆಂಡಿಗೆ ಇಟ್ಟುಕೊಂಡು ಮಂಟಪದಲ್ಲೇ ತಪ್ಪಿಸಬೇಕಾದ ದೋಷ ಅದು. ಆಮೇಲೆ ಸರಿಪಡಿಸುತ್ತೇನೆ ಎಂದು ಕೂತರೆ ರಾತ್ರಿಯೆಲ್ಲ ಹೋಗುತ್ತದೆ.

ನಾಲ್ಕನೆಯದು, ಐಎಸ್‌ಒ, ಅಂದರೆ ಕಡಿಮೆ ಬೆಳಕನ್ನು ಹಿಗ್ಗಿಸಿ ತೋರಿಸುವ ಮಟ್ಟ, 6400ರಷ್ಟು ಏರಿಸಿ ಹೊಡೆದ ಫೋಟೊ. ನಾನು ಬಳಸುವುದು ಮಂಡಕ್ಕಿ ಭಟ್ಟಿಯಲ್ಲಿ ಹೊಡೆದ ಒಂದು ಫ್ರೇಮ್. ಒಂದು ಕಡೆ ಒಲೆಯ ಬೆಂಕಿ, ಹಿಂದೆ ಮಸಿ ಹಿಡಿದ ಗೋಡೆ, ಮುಂದೆ ಆಗಷ್ಟೇ ಅರಳಿದ ಬಿಳಿ ಮಂಡಕ್ಕಿಯ ರಾಶಿ. ಮಂಡಕ್ಕಿಯ ಒಂದೊಂದು ಕಾಳಿಗೂ ಸಣ್ಣ ಸುಕ್ಕು, ತುದಿಯಲ್ಲಿ ಕಂದು ಚುಕ್ಕೆ ಇರುತ್ತದೆ. ನಾಯ್ಸ್, ಅಂದರೆ ಕಡಿಮೆ ಬೆಳಕಿನಲ್ಲಿ ಬರುವ ಮರಳು ಮರಳಾದ ಕಲೆ ತೆಗೆಯುವಾಗ ಆ ಸುಕ್ಕು ಉಳಿಯುತ್ತದೆಯೇ ಎಂಬುದೇ ಪರೀಕ್ಷೆ. ಕೆಟ್ಟದಾಗಿ ತೆಗೆದರೆ ರಾಶಿ ಅವಲಕ್ಕಿ ಮುದ್ದೆಯಂತೆ ಅಂಟಿಕೊಳ್ಳುತ್ತದೆ. ಹಿಂದಿನ ಮಸಿ ಗೋಡೆಯಲ್ಲಿ ಕೆಂಪು, ಹಸಿರು ಮಚ್ಚೆ ಉಳಿದಿವೆಯೇ ಎಂದೂ ನೋಡಿ. ಹಕ್ಕಿ ಹೊಡೆಯುವವರು ಮಂಡಕ್ಕಿಯ ಬದಲು ಸಂಜೆ ಬೆಳಕಿನ ಪುಕ್ಕ ಇಟ್ಟುಕೊಳ್ಳಬಹುದು.

4. ಮೂರೇ ಸಾಫ್ಟ್‌ವೇರ್ ಪರೀಕ್ಷಿಸಿ

ಹತ್ತು ಇಳಿಸಿಕೊಂಡು ಕೂತರೆ ಯಾವುದೂ ಕೈಗೆ ಹತ್ತುವುದಿಲ್ಲ. ಕ್ಯಾಮೆರಾ ಕಂಪನಿಯದು ಒಂದು, ಉಚಿತವಾದ ಮುಕ್ತ ತಂತ್ರಾಂಶ ಒಂದು, ದುಡ್ಡು ಕೊಡುವಂಥದ್ದು ಒಂದು. ಹೀಗೆ ಮೂರು ಸಾಕು.

ಕಂಪನಿಯದು: ಕ್ಯಾನನ್‌ನವರಿಗೆ ಡಿಜಿಟಲ್ ಫೋಟೊ ಪ್ರೊಫೆಷನಲ್, ನಿಕಾನ್‌ನವರಿಗೆ 2021ರಲ್ಲಿ ಬಂದ ಎನ್‌ಎಕ್ಸ್ ಸ್ಟುಡಿಯೊ, ಸೋನಿಯವರಿಗೆ ಇಮೇಜಿಂಗ್ ಎಡ್ಜ್ ಡೆಸ್ಕ್‌ಟಾಪ್. ಮೂರೂ ಉಚಿತ. ಕ್ಯಾಮೆರಾದ ಹಿಂದಿನ ಪರದೆಯಲ್ಲಿ ನೋಡಿದ ಬಣ್ಣಕ್ಕೆ ತೀರಾ ಹತ್ತಿರದ ಬಣ್ಣ ಇವುಗಳಲ್ಲೇ ಸಿಗುವುದು. ಫ್ಯೂಜಿಯ ಎಕ್ಸ್ ರಾ ಸ್ಟುಡಿಯೊ ವಿಶೇಷ ಬಗೆಯದು. ಕ್ಯಾಮೆರಾವನ್ನು ಯುಎಸ್‌ಬಿ ತಂತಿಯಿಂದ ಸಿಸ್ಟಮ್‌ಗೆ ಜೋಡಿಸಬೇಕು. ಸಂಸ್ಕರಣೆ ನಡೆಯುವುದು ಕ್ಯಾಮೆರಾದೊಳಗಿನ ಪ್ರೊಸೆಸರ್‌ನಲ್ಲಿ. ಈ ಸಾಫ್ಟ್‌ವೇರ್‌ಗಳ ಕೊರತೆ ಎಂದರೆ ಸಾವಿರಾರು ಫೋಟೊ ಬೇಗ ಬೇಗ ಆರಿಸಿ ತಿದ್ದುವ ಅನುಕೂಲ ಕಡಿಮೆ. ನಾಳೆ ಬೇರೆ ಕಂಪನಿಯ ಕ್ಯಾಮೆರಾ ಕೊಂಡರೆ ಕಲಿತದ್ದೂ ಕೆಲಸಕ್ಕೆ ಬರುವುದಿಲ್ಲ. ಆದರೂ ಇನ್‌ಸ್ಟಾಲ್ ಮಾಡಿಟ್ಟುಕೊಳ್ಳಿ, ಬಣ್ಣಕ್ಕೆ ಒಂದು ಅಳತೆ ಇದ್ದಂತಾಗುತ್ತದೆ.

ಮುಕ್ತ ತಂತ್ರಾಂಶ: ಡಾರ್ಕ್‌ಟೇಬಲ್ ಮತ್ತು ರಾ ಥೆರಪಿ. ಎರಡೂ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತವೆ, ಒಂದು ರೂಪಾಯಿಯೂ ಕೊಡಬೇಕಿಲ್ಲ. ಉಚಿತ ಎಂದರೆ ಕೈಲಾಗದವರ ಸಾಮಾನು ಎಂಬ ಭಾವನೆ ನಮ್ಮಲ್ಲಿದೆ, ಅದು ತಪ್ಪು. ಡಾರ್ಕ್‌ಟೇಬಲ್‌ನಲ್ಲಿ ಫೋಟೊದ ಒಂದು ಭಾಗವನ್ನಷ್ಟೇ ಹಿಡಿದು ತಿದ್ದುವ ಮಾಸ್ಕ್ ಸೌಲಭ್ಯ ಬಹಳ ಬಲವಾಗಿದೆ: ಗೆರೆ ಎಳೆದು ಹಿಡಿಯಬಹುದು, ಇಂಥ ಬಣ್ಣ ಇಷ್ಟು ಬೆಳಕು ಎಂದು ಹೇಳಿಯೂ ಹಿಡಿಯಬಹುದು. ಆದರೆ ಅದರಲ್ಲಿ ಫೋಟೊ ತೆರೆದ ಕ್ಷಣಕ್ಕೆ ಸಪ್ಪೆಯಾಗಿ ಕಂಡೀತು. ಕ್ಯಾಮೆರಾದ ಬಣ್ಣವನ್ನು ಅದು ಅನುಕರಿಸಲು ಹೋಗುವುದಿಲ್ಲ, ಕಟ್ಟುವ ಕೆಲಸ ನಿಮ್ಮದು. ಹತ್ತು ನಿಮಿಷ ನೋಡಿ ಕೈಬಿಟ್ಟವರು ಬಹಳ ಜನ. ಕನಿಷ್ಠ ಹತ್ತು ದಿನ ಕೊಡಿ. ರಾ ಥೆರಪಿ ಹಾಗಲ್ಲ. ರಾ ಫೈಲಿನೊಳಗೆ ಅಡಗಿರುವ ಜೆಪೆಗ್ ನೋಡಿ ಅದಕ್ಕೆ ಹೊಂದುವ ಕಾಂಟ್ರಾಸ್ಟನ್ನು ತಾನೇ ಕೂರಿಸುತ್ತದೆ, ಹಾಗಾಗಿ ಹೊಸಬರಿಗೆ ಕೂಡಲೇ ಒಗ್ಗುತ್ತದೆ. ಸೂಕ್ಷ್ಮ ವಿವರ ತೆಗೆಯುವುದರಲ್ಲಿ ಅದು ಜಾಣ. ಕೋಟೆ, ಶಿಲ್ಪ, ಹಕ್ಕಿ ಹೊಡೆಯುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ದುಡ್ಡಿನದು: ಅಡೋಬಿ ಲೈಟ್‌ರೂಮ್ ಕ್ಲಾಸಿಕ್, ಕ್ಯಾಪ್ಚರ್ ಒನ್, ಡಿಎಕ್ಸ್‌ಒ ಫೋಟೊಲ್ಯಾಬ್. ಮದುವೆ ಕೆಲಸದವರಿಗೆ ಲೈಟ್‌ರೂಮ್ ಏಕೆ ರೂಢಿಯಾಯಿತು ಎಂದರೆ ಆರಿಸುವುದು, ಒಂದರ ತಿದ್ದುಪಡಿಯನ್ನು ನೂರಕ್ಕೆ ಅಂಟಿಸುವುದು, ಹೊರತೆಗೆಯುವುದು ಎಲ್ಲ ಒಂದೇ ಕಡೆ ಸಲೀಸಾಗಿ ಆಗುತ್ತದೆ. ಕಲಿಸುವವರೂ ಎಲ್ಲೆಡೆ ಸಿಗುತ್ತಾರೆ. ಸ್ಟುಡಿಯೊದಲ್ಲಿ ಕ್ಯಾಮೆರಾವನ್ನು ಸಿಸ್ಟಮ್‌ಗೆ ಕಟ್ಟಿ ಹೊಡೆಯುವವರಿಗೆ ಕ್ಯಾಪ್ಚರ್ ಒನ್ ಒಳ್ಳೆಯದು. ನಾಯ್ಸ್ ಮತ್ತು ಲೆನ್ಸ್ ದೋಷ ತೆಗೆಯುವುದರಲ್ಲಿ ಫೋಟೊಲ್ಯಾಬ್‌ನ ಕೈ ಮೇಲು.

ಇವುಗಳಲ್ಲಿ ಬರುವ ಎಐ ನಾಯ್ಸ್ ತೆಗೆಯುವ ಸೌಲಭ್ಯ ನೋಡಿ ಮರುಳಾಗುವ ಮುನ್ನ ನಿಮ್ಮ ಗ್ರಾಫಿಕ್ಸ್ ಕಾರ್ಡ್ ನೋಡಿ. ಲೈಟ್‌ರೂಮ್‌ಗೆ ಅದು 2023ರ ಏಪ್ರಿಲ್‌ನಲ್ಲಿ ಬಂತು. ಒಳ್ಳೆಯ ಕಾರ್ಡ್ ಇದ್ದರೆ ಸೆಕೆಂಡುಗಳ ಕೆಲಸ, ಇಲ್ಲದಿದ್ದರೆ ಒಂದೊಂದು ಫೋಟೊಗೆ ಹಲವು ನಿಮಿಷ. ಮುನ್ನೂರು ಫೋಟೊಗೆ ಎಷ್ಟಾಯಿತು, ನೀವೇ ಗುಣಿಸಿ.

5. ಒಂದೇ ಕ್ರಮದಲ್ಲಿ ಪರೀಕ್ಷೆ ಮಾಡಿ

ನಾಲ್ಕು ಫೈಲ್‌ಗಳ ನಕಲನ್ನು ಮೂರು ಬೇರೆ ಬೇರೆ ಫೋಲ್ಡರ್‌ಗೆ ಹಾಕಿ, ಸಾಫ್ಟ್‌ವೇರ್‌ಗೆ ಒಂದರಂತೆ. ಒಂದು ಬರೆದದ್ದು ಇನ್ನೊಂದರ ಕಣ್ಣಿಗೆ ಬೀಳಬಾರದು. ಪ್ರತಿಯೊಂದರಲ್ಲೂ ಇದೇ ಕ್ರಮದಲ್ಲಿ ಹೋಗಿ: ವೈಟ್ ಬ್ಯಾಲೆನ್ಸ್, ಎಕ್ಸ್‌ಪೋಷರ್, ಬೆಳಕಿನ ಭಾಗ ಇಳಿಸುವುದು, ಕತ್ತಲೆ ಎತ್ತುವುದು, ಲೆನ್ಸ್ ತಿದ್ದುಪಡಿ, ನಾಯ್ಸ್, ಕೊನೆಗೆ ಶಾರ್ಪನಿಂಗ್, ಅಂದರೆ ಅಂಚುಗಳನ್ನು ಚುರುಕುಗೊಳಿಸುವುದು. ಕಣ್ಣಳತೆಯ ಜೊತೆ ಹಿಸ್ಟೋಗ್ರಾಮ್ ಕೂಡ ನೋಡುತ್ತಿರಿ. ಫೋಟೊದಲ್ಲಿ ಕಪ್ಪಿನಿಂದ ಬಿಳಿಯವರೆಗೆ ಯಾವ ಬೆಳಕು ಎಷ್ಟಿದೆ ಎಂದು ತೋರಿಸುವ ದಿಬ್ಬದಂಥ ನಕ್ಷೆ ಅದು. ದಿಬ್ಬ ಬಲಗೋಡೆಗೆ ಅಂಟಿಕೊಂಡರೆ ಅಲ್ಲಿನ ವಿವರ ಹೋಯಿತು ಎಂದರ್ಥ.

ಎಲ್ಲರೂ ಮಾಡುವ ತಪ್ಪು ಒಂದಿದೆ. ಒಂದು ಸಾಫ್ಟ್‌ವೇರ್‌ನಲ್ಲಿ ಫೋಟೊ ಸ್ವಲ್ಪ ಪ್ರಕಾಶವಾಗಿ ಕಂಡರೆ ಸಾಕು, ಇದೇ ಚೆಂದ ಎಂದು ತೀರ್ಮಾನಿಸಿಬಿಡುತ್ತೇವೆ. ಮೊದಲು ಮೂರರಲ್ಲೂ ಮುಖದ ಬೆಳಕನ್ನು ಸಮ ಮಾಡಿಕೊಂಡು ಆಮೇಲೆ ಹೋಲಿಸಿ.

ಆಮೇಲೆ ಗಡಿಯಾರ ಹಿಡಿಯಿರಿ. ಮದುವೆಯ 50 ರಾ ಫೈಲ್ ಹಾಕಿ, ಒಂದರ ತಿದ್ದುಪಡಿಯನ್ನು ಎಲ್ಲಕ್ಕೂ ಅಂಟಿಸಿ, ಜೆಪೆಗ್ ಆಗಿ ಹೊರತೆಗೆಯಿರಿ. ಎಷ್ಟು ನಿಮಿಷ ಹಿಡಿಯಿತು ಬರೆಯಿರಿ. ಈ ಲೆಕ್ಕವನ್ನು ಮಧ್ಯಾಹ್ನ ಮಾಡಿ. ಏಪ್ರಿಲ್ ಬಿಸಿಲಿನಲ್ಲಿ ಲ್ಯಾಪ್‌ಟಾಪ್ ಕಾದು ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ, ನಿಮಗೆ ಬೇಕಾದದ್ದು ಆ ಹೊತ್ತಿನ ಅಂಕಿ. ಹವ್ಯಾಸಿಗಳು ಈ ಪರೀಕ್ಷೆ ಬಿಡಬಹುದು. ತಿಂಗಳಿಗೆ ಮೂವತ್ತು ಫೋಟೊ ತಿದ್ದುವವರಿಗೆ ವೇಗ ದೊಡ್ಡ ವಿಷಯವೇ ಅಲ್ಲ.

6. ತಿದ್ದುಪಡಿ ಎಲ್ಲಿ ಉಳಿಯುತ್ತದೆ ಎಂದು ತಿಳಿಯಿರಿ

ಇದನ್ನು ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ. ಒಮ್ಮೆ ಸಿಸ್ಟಮ್ ರಿಪೇರಿಗೆ ಕೊಟ್ಟಾಗ ಅವರು ಕೇಳದೆ ಸಿ ಡ್ರೈವ್ ಫಾರ್ಮ್ಯಾಟ್ ಮಾಡಿದರು. ರಾ ಫೈಲೆಲ್ಲ ಬೇರೆ ಡಿಸ್ಕ್‌ನಲ್ಲಿ ಸುರಕ್ಷಿತವಾಗಿದ್ದವು, ಆದರೆ ಎರಡು ವರ್ಷದ ತಿದ್ದುಪಡಿ ಒಂದೂ ಉಳಿಯಲಿಲ್ಲ. ಆಲ್ಬಂ ಕೊಡಬೇಕಿದ್ದ ಒಂದು ಮದುವೆಯನ್ನು ಮೊದಲಿನಿಂದ ತಿದ್ದಿದೆ.

ಹಾಗಾಗಲು ಕಾರಣ ಇಷ್ಟು: ರಾ ಸಾಫ್ಟ್‌ವೇರ್ ಮೂಲ ಚಿತ್ರವನ್ನು ಮುಟ್ಟುವುದಿಲ್ಲ. ಎಕ್ಸ್‌ಪೋಷರ್ ಇಷ್ಟು ಏರಿಸು, ಇಲ್ಲಿ ಕತ್ತರಿಸು ಎಂಬ ಆದೇಶಗಳನ್ನಷ್ಟೇ ಬರೆದಿಡುತ್ತದೆ. ಆ ಆದೇಶ ಎಲ್ಲಿರುತ್ತದೆ ಎಂಬುದು ಒಂದೊಂದರಲ್ಲಿ ಒಂದೊಂದು. ಲೈಟ್‌ರೂಮ್ ಕ್ಲಾಸಿಕ್ ಅವನ್ನು ಕ್ಯಾಟಲಾಗ್ ಎಂಬ ಒಂದೇ ಕಡತದಲ್ಲಿ ಇಡುತ್ತದೆ, ಅದು ಹೋದರೆ ಎಲ್ಲವೂ ಹೋಯಿತು. ಡಾರ್ಕ್‌ಟೇಬಲ್ ಪ್ರತಿ ಫೋಟೊದ ಪಕ್ಕದಲ್ಲಿ ಎಕ್ಸ್‌ಎಂಪಿ ಎಂಬ ಸಣ್ಣ ಕಡತವನ್ನೂ ರಾ ಥೆರಪಿ ಪಿಪಿ3 ಎಂಬ ಕಡತವನ್ನೂ ಬರೆಯುತ್ತವೆ. ಇವಕ್ಕೆ ಸೈಡ್‌ಕಾರ್ ಎಂಬ ಹೆಸರು. ಕ್ಯಾನನ್‌ನ ಸಾಫ್ಟ್‌ವೇರ್ ತಿದ್ದುಪಡಿಯ ವಿವರವನ್ನು ರಾ ಫೈಲಿನೊಳಗೇ ಸೇರಿಸುತ್ತದೆ.

ಲೈಟ್‌ರೂಮ್ ಆರಿಸಿದರೆ ಮೊದಲ ದಿನವೇ ಕ್ಯಾಟಲಾಗ್ ಸೆಟ್ಟಿಂಗ್ಸ್‌ಗೆ ಹೋಗಿ, ಬದಲಾವಣೆಯನ್ನು ಎಕ್ಸ್‌ಎಂಪಿಗೂ ತಾನಾಗಿ ಬರೆಯುವ ಆಯ್ಕೆಗೆ ಗುರುತು ಹಾಕಿ. ಅದು ತಾನಾಗಿ ಆನ್ ಇರುವುದಿಲ್ಲ. ಹೀಗೆ ಮಾಡಿದರೂ ಕಲೆಕ್ಷನ್‌ಗಳು, ಅಂದರೆ ಆರಿಸಿ ಕೂಡಿಸಿಟ್ಟ ಗುಂಪುಗಳು, ಮತ್ತು ವರ್ಚುವಲ್ ಕಾಪಿಗಳು, ಅಂದರೆ ಒಂದೇ ಫೋಟೊದ ಎರಡನೇ ತಿದ್ದುಪಡಿಗಳು ಕ್ಯಾಟಲಾಗ್‌ನಲ್ಲಿ ಮಾತ್ರ ಉಳಿಯುತ್ತವೆ. ಹಾಗಾಗಿ ಕ್ಯಾಟಲಾಗ್‌ನ ನಕಲೂ ಬೇಕೇ ಬೇಕು, ಅದೂ ಬೇರೆ ಡಿಸ್ಕ್‌ನಲ್ಲಿ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ನಲ್ಲಿ ಕ್ಯಾಟಲಾಗ್ ತೆರೆದಿರುವಾಗ ಕರೆಂಟ್ ಹೋದರೆ ಅದು ಕೆಡುವ ಸಾಧ್ಯತೆ ಇದೆ. ನಮ್ಮೂರಿನ ಕರೆಂಟ್ ನಿಮಗೆ ಗೊತ್ತೇ ಇದೆ, ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೂರಬೇಡಿ.

ಸೈಡ್‌ಕಾರ್ ಬಳಸುವವರು ಎಡವುವುದು ಬೇರೆ ಕಡೆ. ಫೋಲ್ಡರ್ ಅಚ್ಚುಕಟ್ಟು ಮಾಡುತ್ತೇನೆಂದು ಆ ಸಣ್ಣ ಕಡತಗಳನ್ನು ಕಸವೆಂದು ಅಳಿಸುತ್ತಾರೆ, ಇಲ್ಲವೇ ರಾ ಫೈಲನ್ನಷ್ಟೇ ಬೇರೆ ಡಿಸ್ಕ್‌ಗೆ ಹಾಕಿ ಇವನ್ನು ಬಿಟ್ಟುಬರುತ್ತಾರೆ. ಫೋಲ್ಡರನ್ನು ಯಾವಾಗಲೂ ಇಡಿಯಾಗಿಯೇ ನಕಲಿಸಿ. ಫೈಲಿನ ಹೆಸರನ್ನು ವಿಂಡೋಸ್‌ನಲ್ಲಿ ಬದಲಿಸಬೇಡಿ, ಬದಲಿಸಿದರೆ ರಾ ಮತ್ತು ಸೈಡ್‌ಕಾರ್‌ನ ನಂಟು ಕಡಿಯುತ್ತದೆ.

ಜಾಗದ ಲೆಕ್ಕ ಹೀಗೆ: 24 ಮೆಗಾಪಿಕ್ಸೆಲ್‌ನ ಒಂದು ರಾ ಫೈಲ್ ಸುಮಾರು 30 ಎಂಬಿ ಎಂದುಕೊಂಡರೆ 1,500 ಫೋಟೊದ ಒಂದು ಮದುವೆಗೆ 45 ಜಿಬಿ. ಎರಡು ನಕಲಿಗೆ 90.

7. ದುಡ್ಡಿನ ಲೆಕ್ಕ

ದರಗಳು ಬದಲಾಗುತ್ತಲೇ ಇರುವುದರಿಂದ ಇಲ್ಲಿ ಅಂಕಿ ಬರೆಯುವುದಿಲ್ಲ. ನೀವು ತಿಂಗಳ ಬಾಡಿಗೆ ನೋಡಬೇಡಿ, ಮೂರು ವರ್ಷಕ್ಕೆ ಎಷ್ಟಾಗುತ್ತದೆ ನೋಡಿ, ಅದನ್ನು ವರ್ಷಕ್ಕೆ ನೀವು ಮಾಡುವ ಕೆಲಸಗಳಿಗೆ ಹಂಚಿ. ಸೀಸನ್‌ಗೆ ಇಪ್ಪತ್ತು ಮದುವೆ ಮಾಡುವವರಿಗೆ ಬಾಡಿಗೆ ಭಾರವಲ್ಲ. ವರ್ಷಕ್ಕೆ ಎರಡು ಮದುವೆ, ಒಂದು ನಾಯಕನಹಟ್ಟಿ ಜಾತ್ರೆ ಹೊಡೆಯುವವರಿಗೆ ಅದು ಬೇಕಿಲ್ಲ.

ಚಂದಾ ಕಟ್ಟುವ ಮುನ್ನ ಒಪ್ಪಂದ ಓದಿ. ತಿಂಗಳು ತಿಂಗಳು ಹಣ ಕಡಿತವಾದರೂ ಒಪ್ಪಂದ ವರ್ಷದ್ದಾಗಿರಬಹುದು, ನಡುವೆ ಬಿಟ್ಟರೆ ರದ್ದತಿ ಶುಲ್ಕ ಬೀಳುತ್ತದೆ. ಚಂದಾ ನಿಂತ ಮೇಲೆ ಏನಾಗುತ್ತದೆ ಎಂಬುದೂ ತಿಳಿದಿರಲಿ. ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಫೋಟೊ ತಿದ್ದುವ ಡೆವಲಪ್ ಭಾಗ ಮುಚ್ಚಿಕೊಳ್ಳುತ್ತದೆ. ಹಳೆಯ ಫೋಟೊ ನೋಡುವುದು, ಆಗಲೇ ತಿದ್ದಿದ್ದನ್ನು ಹೊರತೆಗೆಯುವುದು ನಡೆಯುತ್ತದೆ. ಯಾವುದೇ ಸಾಫ್ಟ್‌ವೇರ್ ಬಿಡುವ ಮುನ್ನ ಮುಖ್ಯವಾದ ಫೋಟೊಗಳನ್ನು ವಿವರ ಕಳೆಯದ ಟಿಫ್ ಎಂಬ ರೂಪದಲ್ಲಿ, ಪೂರ್ತಿ ಗಾತ್ರದಲ್ಲಿ, 16 ಬಿಟ್ ಆಗಿ ಹೊರತೆಗೆದಿಡಿ. ಒಂದು ಸಾಫ್ಟ್‌ವೇರ್‌ನ ತಿದ್ದುಪಡಿ ಇನ್ನೊಂದರಲ್ಲಿ ಹಾಗೆಯೇ ತೆರೆದುಕೊಳ್ಳುತ್ತದೆ ಎಂದು ನಂಬಬೇಡಿ.

ಇನ್ನು ಕ್ರ್ಯಾಕ್ ಕಾಪಿ. ಸಿಸ್ಟಮ್ ಜೋಡಿಸಿ ಕೊಡುವಾಗಲೇ ಎಲ್ಲ ಹಾಕಿಕೊಡ್ತೀವಿ ಎನ್ನುವವರು ಸಿಗುತ್ತಾರೆ. ದಯವಿಟ್ಟು ಒಪ್ಪಬೇಡಿ. ಕ್ರ್ಯಾಕ್ ಹಾಕುವಾಗ ಆ್ಯಂಟಿವೈರಸ್ ಆಫ್ ಮಾಡು ಎನ್ನುತ್ತದೆ. ಅದೇ ಡಿಸ್ಕ್‌ನಲ್ಲಿ ಯಾರದೋ ಮನೆಯ ಮಗಳ ಮದುವೆಯ ಫೋಟೊಗಳಿವೆ, ಮತ್ತೊಮ್ಮೆ ಹೊಡೆಯಲಾಗದವು. ಅಪ್‌ಡೇಟ್ ಸಿಗದ ಕಾರಣ ಮುಂದೆ ಹೊಸ ಕ್ಯಾಮೆರಾ ಕೊಂಡಾಗ ಅದು ಫೈಲ್ ತೆರೆಯುವುದೂ ಇಲ್ಲ. ದುಡ್ಡಿಲ್ಲದಿದ್ದರೆ ರಾ ಥೆರಪಿ ಇದೆ, ತಲೆ ಎತ್ತಿಕೊಂಡು ಬಳಸಿ.

8. ಲ್ಯಾಬ್‌ಗೆ ಒಂದು ಪ್ರಿಂಟ್ ಕಳಿಸಿ ನೋಡಿ

ಪರೀಕ್ಷೆಯಲ್ಲಿ ಗೆದ್ದ ಸಾಫ್ಟ್‌ವೇರ್‌ನಿಂದ ಅರಿಶಿನದ ಮುಖ ಮತ್ತು ರೇಷ್ಮೆ ಸೀರೆ ಎರಡನ್ನೂ ಹೊರತೆಗೆಯಿರಿ. 12×18 ಇಂಚಿಗೆ 300 ಪಿಪಿಐ, ಅಂದರೆ ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ 3600×5400 ಪಿಕ್ಸೆಲ್ ಬೇಕು. ಬಣ್ಣದ ವ್ಯಾಪ್ತಿ ಕೇಳುವಲ್ಲಿ ಎಸ್‌ಆರ್‌ಜಿಬಿ ಆರಿಸಿ, ಲ್ಯಾಬ್‌ನವರು ಬೇರೆಯದು ಕೇಳಿದರೆ ಮಾತ್ರ ಬದಲಿಸಿ. ಅಡೋಬಿ ಆರ್‌ಜಿಬಿ ದೊಡ್ಡದು ಎಂದು ಅದರಲ್ಲೇ ಕಳಿಸಿದರೆ, ಅದನ್ನು ಓದದ ಯಂತ್ರದಲ್ಲಿ ಸೀರೆಯ ಕೆಂಪು ಮಂಕಾಗಿ ಬರುತ್ತದೆ. ಲ್ಯಾಬ್‌ನವರಿಗೆ ಬಣ್ಣ ತಿದ್ದಬೇಡಿ, ಇದ್ದ ಹಾಗೇ ಹಾಕಿ ಎಂದು ಹೇಳಿ. ಅವರು ಒಳ್ಳೆಯ ಮನಸ್ಸಿನಿಂದಲೇ ಮುಖ ಬೆಳ್ಳಗೆ ಮಾಡಿಬಿಡುತ್ತಾರೆ, ಆಗ ಪರೀಕ್ಷೆ ಕೆಡುತ್ತದೆ.

ಪ್ರಿಂಟ್ ಕೈಗೆ ಬಂದ ಮೇಲೆ ಟ್ಯೂಬ್‌ಲೈಟ್ ಕೆಳಗೆ ನೋಡಬೇಡಿ. ಬೆಳಿಗ್ಗೆ, ನೇರ ಬಿಸಿಲು ಬೀಳದ ಕಿಟಕಿಯ ಪಕ್ಕ ಹಿಡಿದು ಪರದೆಯ ಜೊತೆ ಹೋಲಿಸಿ. ಪ್ರಿಂಟ್ ಕಪ್ಪಗೆ ಕಂಡರೆ ತಪ್ಪು ಬಹುತೇಕ ಸಾಫ್ಟ್‌ವೇರ್‌ನದಲ್ಲ, ನಿಮ್ಮ ಮಾನಿಟರ್ ಅತಿ ಪ್ರಕಾಶವಾಗಿದೆ ಎಂದರ್ಥ. ಬ್ರೈಟ್‌ನೆಸ್ಸನ್ನು ಪ್ರಿಂಟ್‌ಗೆ ಸಮ ಕಾಣುವವರೆಗೆ ಇಳಿಸಿ, ಆ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದು ಮಾನಿಟರ್‌ನ ಹಿಂದೆ ಅಂಟಿಸಿ. ಆಮೇಲೆ ಉಳಿದೆರಡು ಸಾಫ್ಟ್‌ವೇರ್‌ನಲ್ಲಿ ದುಡ್ಡಿನದು ಇದ್ದರೆ ಅದನ್ನು ತೆಗೆದುಹಾಕಿ, ಚಂದಾ ತಾನಾಗಿ ಮುಂದುವರಿಯದಂತೆ ಖಾತೆಯಲ್ಲೂ ನಿಲ್ಲಿಸಿ. ಬರೀ ಅನ್‌ಇನ್‌ಸ್ಟಾಲ್ ಮಾಡಿದರೆ ಹಣ ಕಡಿತವಾಗುವುದು ನಿಲ್ಲುವುದಿಲ್ಲ.